ಕೂಗಿ ಹೇಳದ ಅಳತೆ

ಈಗ ನಾನು ವಾರಕ್ಕೆರಡು ಸಲ ಡೊಂಬಿವಲಿಯ ನಮ್ಮವರ ಸಂಘದ ಕೋಣೆಯಲ್ಲಿ ಹೊಲಿಗೆ ಕಲಿಸುತ್ತೇನೆ. ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಆಂಟಿ, ಪ್ರಿನ್ಸೆಸ್ ಕಟ್ ಯಾವಾಗ ಕಲಿಸ್ತೀರಿ?" ಕತ್ತರಿ ಹಿಡಿಯಲು ಬಾರದವಳಿಗೂ ಪ್ರಿನ್ಸೆಸ್ ಕಟ್ಟೇ ಬೇಕು. ಕಲಿಸುತ್ತೇನೆ, ಅದೇನು ಬ್ರಹ್ಮವಿದ್ಯೆಯಲ್ಲ. ಆದರೆ ಕಲ್ಯಾಣ್ ಈಸ್ಟಿನ ತಗಡಿನ ಮಾಡಿನ ಅಂಗಡಿಯಲ್ಲಿ ಅರ್ಧ ಆಯುಷ್ಯ ಹೆಂಗಸರ ಬ್ಲೌಸು ಹೊಲಿದವಳಿಗೆ ಬೇರೆ ಕೆಲವು ವಿಷಯಗಳೂ ಗೊತ್ತಿರುತ್ತವೆ. ಅವನ್ನು ಕ್ಲಾಸಿನಲ್ಲಿ ಹೇಳಲು ಹೋದರೆ ಇವರು ಮೊಬೈಲ್ ನೋಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮದುವೆಯಾಗಿ ಕುಂದಾಪುರದ ಕಡೆಯಿಂದ ಠಾಣೆ ಶಹರಕ್ಕೆ ಬಂದಾಗ ನನಗೆ ಕಾಜಾ ಹಾಕುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಗಂಡ ಹೋಟೆಲಿನ ಕ್ಯಾಶಿಯರ್. ಅವರ ಹೋಟೆಲಿನ ಪಕ್ಕದಲ್ಲೇ ಉಸ್ಮಾನ್ ಮಾಸ್ಟರರ ಲೇಡೀಸ್ ಟೈಲರ್ ಅಂಗಡಿ. ಮಾಸ್ಟರ್ ಸೊಲ್ಲಾಪುರದವರು, ಹಿಂದಿ, ಮರಾಠಿ, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಮಾತಾಡುತ್ತಿದ್ದರು. ಹೆಂಗಸರ ಮೈಗೆ ಟೇಪು ಹಿಡಿಯುವುದು ನನ್ನ ಕೆಲಸ, ದೂರದ ಮೇಜಿನಲ್ಲಿ ಕೂತು ಬರೆದುಕೊಳ್ಳುವುದು ಅವರ ಕೆಲಸ. ಕಷ್ಟ ಏನೆಂದರೆ, ಮೆಷಿನ್ನುಗಳ ಸದ್ದಿನಲ್ಲೇ ಮುದುಕರಾದ ಮಾಸ್ಟರಿಗೆ ಕಿವಿ ಮಂದ. ನಾನು ಎದೆ, ಸೊಂಟ, ತೋಳು ಎಂದು ಕೂಗಬೇಕು. "ಕಿತ್ನಾ? ಜೋರ್ ಸೇ ಹೇಳ್ ಬಾಯಿ!" ಎಂದು ಅವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಒಬ್ಬ ಹೆಂಗಸಿನ ಸೊಂಟದ ಸುದ್ದಿ ಎದುರಿನ ಪಾನ್ ಅಂಗಡಿಯವರೆಗೂ ಹೋಗುತ್ತಿತ್ತು.

ಒಂದು ದಿನ ದಪ್ಪನೆಯ ಒಬ್ಬ ಟೀಚರಮ್ಮ ಬಂದಿದ್ದರು. ನಾನು ಅಳತೆ ಕೂಗಿದೆ. ಬೆಂಚಿನ ಮೇಲೆ ಕೂತಿದ್ದ ಯಾರೋ ಕಿಸಕ್ಕೆಂದರು. ಟೀಚರಮ್ಮ ನನ್ನ ಟೇಪನ್ನು ಮೆಲ್ಲನೆ ಸರಿಸಿ, ಬಟ್ಟೆ ಎತ್ತಿಕೊಂಡು ಹೊರಟುಹೋದರು. ಮಾಸ್ಟರ್ ನನ್ನ ಮೇಲೆ ಹರಿಹಾಯ್ದರು. ನಾನೇನು ಕಡಿಮೆಯೇ? "ಗಿರಾಕಿ ಹೋದದ್ದು ನಿಮ್ಮ ಕಿವಿಯಿಂದ" ಎಂದೆ. ಅದು ಅವರಿಗೆ ಸರಿಯಾಗಿ ಕೇಳಿಸಿತು. ಮರುದಿನದಿಂದ ಅಳತೆಯನ್ನು ನಾನೇ ಸೀಮೆಸುಣ್ಣದಲ್ಲಿ ಆಯಾ ಬಟ್ಟೆಯ ಒಳಮಗ್ಗುಲಿಗೆ ಬರೆಯತೊಡಗಿದೆ. ಮುಂದೆ ಕಲ್ಯಾಣ್ ಈಸ್ಟಿನಲ್ಲಿ ಸ್ವಂತ ಅಂಗಡಿ ಹಾಕಿದಾಗ ಮಾಡಿದ ಮೊದಲ ಕಾನೂನೂ ಇದೇ: ಇಲ್ಲಿ ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳಕೂಡದು.

ಮಾಸ್ಟರ್ ಕೋಪಿಷ್ಠರಾದರೂ ಒಂದು ವಿಷಯದಲ್ಲಿ ನನ್ನನ್ನು ತಿದ್ದಿದರು. ಹೊಲಿದ ಬ್ಲೌಸನ್ನು ಮಗುಚಿ ಒಳಗಡೆ ನೋಡುವರು. ಕಂಕುಳಿನಿಂದ ಕೆಳಗೆ ಎರಡೂ ಬದಿಗೆ ಧಾರಾಳವಾಗಿ ಮಾರ್ಜಿನ್ ಬಿಟ್ಟಿರಬೇಕು. ಇಲ್ಲದಿದ್ದರೆ ನನ್ನೆದುರೇ ಹೊಲಿಗೆ ಬಿಚ್ಚಿ ಎಸೆಯುವರು. ನಾನು ನಮ್ಮ ಕುಂದಾಪುರದ ಕನ್ನಡದಲ್ಲಿ ಗೊಣಗುತ್ತ ಅವರ ಏಳು ತಲೆಮಾರಿಗೆ ಮಂಗಳಾರತಿ ಮಾಡುತ್ತಿದ್ದೆ. "ಕ್ಯಾ ಬೋಲೀ?" ಎಂದರೆ "ದೇವರ ನಾಮ ಮಾಸ್ಟರ್" ಎನ್ನುತ್ತಿದ್ದೆ. ಅಂಥ ಸಿಟ್ಟಿನಲ್ಲೇ ಒಮ್ಮೆ ಒಂದು ಮದುವಣಗಿತ್ತಿಯ ಬ್ಲೌಸಿಗೆ ಎರಡೂ ಎಡಗೈ ತೋಳು ಕೂಡಿಸಿಬಿಟ್ಟೆ. ಅವಳು ಆರತಕ್ಷತೆಯಿಡೀ ಬಲಗೈ ಮಡಚಿಕೊಂಡೇ ನಿಂತಳಂತೆ. ಫೋಟೋದಲ್ಲಿ ಅದೇ ಪೋಸು ಚೆಂದ ಬಂದದ್ದು ನನ್ನ ಪುಣ್ಯ.

ಈಗ ಎಲ್ಲ ಅಂಗಡಿಯಲ್ಲೂ ಇಂಟರ್‌ಲಾಕ್ ಮೆಷಿನ್ನು. ಅಂಚು ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನು ಕರಕರ ಕತ್ತರಿಸಿ ಹಾಕುತ್ತದೆ. ಒಳಗಡೆ ನೋಡಲು ಬಹಳ ಶಿಸ್ತು. ಆದರೆ ಆರು ತಿಂಗಳ ಮೇಲೆ ಆ ಹೆಂಗಸಿನ ಮೈ ಒಂದಿಷ್ಟು ತುಂಬಿದರೆ ಬಿಚ್ಚಿ ಬಿಡಲು ಒಂದು ಬೆರಳಿನಷ್ಟೂ ಬಟ್ಟೆ ಇರುವುದಿಲ್ಲ. ಹುಡುಗಿಯರೇ, ಮಾರ್ಜಿನ್ ಬಿಡಿ. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಇನ್ನೊಂದು, ಅಳತೆ ಬ್ಲೌಸು. ನಮ್ಮ ಹೆಂಗಸರು ಟೇಪಿಗೆ ಮೈ ಕೊಡಲು ನಾಚಿ, ಹಳೆಯದೊಂದು ಬ್ಲೌಸನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಕೊಡುತ್ತಾರೆ. ಇದೇ ಅಳತೆಗೆ ಹೊಲಿ, ಮುಗಿಯಿತು. ಆ ಬ್ಲೌಸು ಎಷ್ಟು ಹಳೆಯದು ಎಂದು ಕೇಳುವುದು ಮರ್ಯಾದೆಯಲ್ಲ. ಮೇಲಾಗಿ ಈಗ ಹಗಲೂ ರಾತ್ರಿ ನೈಟಿ. ನೈಟಿಯೊಳಗೆ ಯಾರು ಎಷ್ಟು ತುಂಬಿದರು, ಎಷ್ಟು ಇಳಿದರು ಎಂದು ತೊಟ್ಟವಳಿಗೂ ತಿಳಿಯುವುದಿಲ್ಲ. ನೈಟಿ ಕಂಡರೆ ನನಗೆ ಆಗದು. ಹಾಗೆಂದು ನೂರಾರು ನೈಟಿ ಹೊಲಿದು ಮಾರಿದ್ದೇನೆ, ಅದು ಬೇರೆ ಮಾತು.

ಗರ್ಭಕೋಶ ತೆಗೆಸಿಕೊಂಡ ಹೆಂಗಸರ ವಿಷಯ ನನಗೆ ಮೊದಲು ಸರಿಯಾಗಿ ತಿಳಿದದ್ದು ಜಲಜಕ್ಕನಿಂದ. ಅವರು ನಮ್ಮ ಊರ ಕಡೆಯವರೇ, ಸೀವುಡ್ಸ್‌ನಲ್ಲಿ ಹೋಟೆಲು ನಡೆಸುವವರ ಮನೆಯಾಕೆ. ಒಂದು ದಿನ ನೈಟಿಯ ಮೇಲೆ ದುಪ್ಪಟ್ಟಾ ಹೊದ್ದು ಕಾರಿನಲ್ಲಿ ಅಷ್ಟು ದೂರದಿಂದ ಬಂದರು. "ಸುಮತೀ, ಎಂತ ಮಾಡುದು ಹೇಳು. ಲಂಗದ ಲಾಡಿ ಕಟ್ಟಿದ್ರೆ ಸರೀ ಆಪರೇಷನ್ ಹೊಲಿಗೆ ಮೇಲೇ ಕೂತ್ಕೊಳ್ತದೆ. ಸೀರೆ ಉಡದೆ ನಾಕು ತಿಂಗಳಾಯ್ತು ಮಾರಾಯ್ತಿ." ನಾನು ಲಾಡಿ ತೆಗೆದು, ಮೆತ್ತನೆಯ ಕಾಟನ್ನಿನ ಅಗಲ ಪಟ್ಟಿ ಕೊಟ್ಟು, ಗಾಯದ ಗುರುತಿನಿಂದ ಮೇಲೆ, ಮಗ್ಗುಲಿಗೆ ಹುಕ್ಕು ಬರುವಂತೆ ಲಂಗ ಹೊಲಿದೆ. ಅದಕ್ಕೆ ಯಾರೋ ಆಪರೇಷನ್ ಲಂಗ ಎಂದು ಹೆಸರಿಟ್ಟರು. ಸೀವುಡ್ಸ್‌ನಿಂದ ದಿವಾದವರೆಗೆ ಅದಕ್ಕೆ ಬೇಡಿಕೆ ಬಂತು. ಇಷ್ಟೊಂದು ಹೆಂಗಸರು ಬಾಯಿಮುಚ್ಚಿಕೊಂಡು ಇದನ್ನು ಅನುಭವಿಸುತ್ತಿದ್ದರೇ ಎಂದು ನನಗೆ ಬೇಸರವಾಯಿತು.

ಜಲಜಕ್ಕನ ಮೈಯೂ ತುಂಬಿತ್ತು. ಕಾರಣವನ್ನು ಅವರೇ ನಗುತ್ತ ಹೇಳಿದರು. ಆಪರೇಷನ್ ಆದದ್ದೇ ಊರಿನಿಂದ ಅತ್ತೆ ಲೇಹದ ಡಬ್ಬಿ ಹಿಡಿದು ಬಂದಿದ್ದರು. ತುಪ್ಪ, ಬೆಲ್ಲ, ಬಿಸಿನೀರು, ಹಾಸಿಗೆ ಬಿಟ್ಟು ಏಳಕೂಡದು. "ಒಟ್ಟು ಬಾಣಂತನವೇ. ಮಗು ಒಂದು ಇಲ್ಲ, ಅಷ್ಟೇ" ಎಂದರು. ಆಮೇಲೆ ಗಮನಿಸಿದೆ, ಕರಾವಳಿಯವರು ಲೇಹ, ಮರಾಠಿಯವರು ಡಿಂಕದ ಲಾಡು, ವಿಜಯಪುರದವರು ಅಂಟಿನ ಉಂಡೆ. ಡಬ್ಬಿ ಬೇರೆ, ಒಳಗಿನ ತುಪ್ಪ ಒಂದೇ. ಗರ್ಭಕ್ಕೆ ಸಂಬಂಧಿಸಿದ್ದೆಲ್ಲ ಬಾಣಂತನವೇ ಎಂದು ಎಲ್ಲ ತಾಯಂದಿರೂ ನಂಬಿದ್ದರು. ಪ್ರೀತಿಯಿಂದ ಮಾಡಿದ್ದನ್ನು ಬೇಡ ಎನ್ನುವುದು ಯಾರಿಗೂ ಸುಲಭವಲ್ಲ. ಜಲಜಕ್ಕ ಲೇಹ ಬಿಟ್ಟು, ಹೋಟೆಲಿನ ಗಲ್ಲಾದಲ್ಲಿ ಕೂರಲು ಶುರುಮಾಡಿ, ಸಂಜೆ ಕೆರೆಯ ಸುತ್ತ ತಿರುಗಾಡಿ ಒಂದು ವರ್ಷದಲ್ಲಿ ಹಗುರಾದರು.

ಮಹಾದೇವಿಯದು ಅಷ್ಟು ಸುಲಭವಿರಲಿಲ್ಲ.

ಅವಳು ವಿಜಯಪುರ ಜಿಲ್ಲೆಯವಳು. ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಮನೆ, ಗಂಡ ಗೋಡೌನಿನಲ್ಲಿ ಲೋಡಿಂಗ್ ಕೆಲಸದವನು. ಅವಳು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಮಾತಿನ ಮಲ್ಲಿ. ಅವಳು ಬಂದರೆ ಅಂಗಡಿಯಲ್ಲಿ ರೇಡಿಯೋ ಬೇಕಿರಲಿಲ್ಲ. ಒಂದು ವರ್ಷ ಈ ಕಡೆ ಸುಳಿಯಲಿಲ್ಲ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ನೈಟಿ ತೊಟ್ಟು, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಬಂದವಳನ್ನು ನಾನು ಥಟ್ಟನೆ ಗುರುತಿಸಲಿಲ್ಲ. ಮುಖ, ಹೊಟ್ಟೆ, ತೋಳು ಎಲ್ಲ ತುಂಬಿಕೊಂಡಿತ್ತು. ಮಾತೇ ಇಲ್ಲ. ರೇಷ್ಮೆಯ ಬ್ಲೌಸ್ ಪೀಸನ್ನೂ ಒಂದು ಹಳೆಯ ಬ್ಲೌಸನ್ನೂ ಮೇಜಿನ ಮೇಲಿಟ್ಟಳು.

"ಟೇಲರ್ ಅಕ್ಕಾರ, ನಮ್ಮ ಸವಿತಾನ ಮದುವಿ ಐತ್ರಿ, ದೀಪಾವಳಿ ಆದಮ್ಯಾಲ. ಇದರ ಅಳತಿಗೇ ಹೊಲೀರಿ. ಒಂದೀಟೂ ಹೆಚ್ಚು-ಕಡಿಮಿ ಮಾಡಬ್ಯಾಡ್ರಿ."

ಹಳೆಯ ಬ್ಲೌಸು ನಾನೇ ಹೊಲಿದದ್ದು, ಅವಳು ಅಂಗಡಿಗೆ ಬರುವುದು ನಿಲ್ಲುವ ಮೊದಲಿನದು. "ಒಂದ್ಸಲ ಟೇಪ್ ಹಿಡೀತೇನೆ ಮಾರಾಯ್ತಿ, ಎರಡು ನಿಮಿಷ" ಎಂದೆ.

"ಬ್ಯಾಡ್ರಿ. ಮದುವಿ ಹೊತ್ತಿಗೆ ಇಳೀತೀನಿ. ಈಗ ಬರೇ ಸಂಜಿಮುಂದ ಅರ್ಧ ರೊಟ್ಟಿ ತಿಂತೀನ್ರಿ." ಹೇಳುತ್ತಿದ್ದಂತೆ ಅವಳ ಕುತ್ತಿಗೆ, ಕೆನ್ನೆ ಕೆಂಪೇರಿ, ಹಣೆಯಿಂದ ಬೆವರು ಇಳಿಯಿತು. ಟಾವೆಲಿನಲ್ಲಿ ಮುಖ ಮುಚ್ಚಿ ಫ್ಯಾನಿನ ಕೆಳಗೆ ನಿಂತಳು. ತಗಡಿನ ಮಾಡಿನ ಸೆಕೆ ಎಂದುಕೊಂಡೆ ನಾನು.

ಮರುದಿನ ಅವಳ ಮಗಳು ಸವಿತಾ ಬಂದಳು. ಠಾಣೆಯಲ್ಲಿ ಆಫೀಸು ಕೆಲಸ, ಲೋಕಲ್ ರೈಲಿನಿಂದ ಇಳಿದವಳೇ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಿಂತಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವವಳು. "ಆಂಟಿ, ಮಮ್ಮೀ ಬೋಲ್ತೀ ಹೈ, ಮಂಡಪ್ ಮೇ ಕಾಕಿ ಬೈಠೇಗೀ. ಬ್ಲೌಸ್ ಹುವಾ ತೋ ಹೀ ಮೈ ಬೈಠೂಂಗೀ ಬೋಲೀ." ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ವಿಷಯ ಏನೆಂದರೆ, ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರೆದುರು ಮಹಾದೇವಿ ಹೀಗೆಯೇ ಕೆಂಪಾಗಿ, ಬೆವತು, ಬ್ಲೌಸೆಲ್ಲ ಒದ್ದೆಯಾಗಿ, ಎದ್ದು ಬಚ್ಚಲಿಗೆ ಓಡಿದ್ದಳು. ಇವಳಿಗೆ ಏನೋ ರೋಗ ಇದೆ ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಒಂದೇ ಹಟ. ಹಳೆಯ ಬ್ಲೌಸಿನ ಅಳತೆಗೆ ಇಳಿದರೆ ತಾಯಿಯಾಗಿ ಮಂಟಪದಲ್ಲಿ ಕೂರುತ್ತಾಳೆ. ಇಲ್ಲದಿದ್ದರೆ ಅವಳು ಅಡುಗೆಮನೆಯಲ್ಲಿ, ಅವಳ ಜಾಗದಲ್ಲಿ ಗಂಡನ ತಮ್ಮನ ಹೆಂಡತಿ.

ನನಗೆ ಪಿತ್ತ ನೆತ್ತಿಗೇರಿತು. ಹೆತ್ತು ಸಾಕಿದವಳು ಒಂದು ಬ್ಲೌಸಿನ ಕಾರಣಕ್ಕೆ ಅಡುಗೆಮನೆಗೆ ಹೋಗಬೇಕೇ? ದೊಡ್ಡದಾಗಿಯೇ ಹೊಲಿದು "ಇದು ಹಳೇ ಅಳತೆಯೇ" ಎಂದು ಕಣ್ಣಿಗೆ ಮಣ್ಣೆರಚಬಹುದಿತ್ತು. ಎಷ್ಟೋ ಟೈಲರುಗಳು ಮಾಡುತ್ತಾರೆ. ಆದರೆ ಮಹಾದೇವಿ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವವಳು. ಹಾಗಾಗಿ ಅವಳು ಕೇಳಿದ ಅಳತೆಗೇ ಹೊಲಿದೆ. ಬದಿಯಲ್ಲಿ, ತೋಳಿನಲ್ಲಿ, ಹುಕ್ಕಿನ ಪಟ್ಟಿಯಲ್ಲಿ ಪೀಸಿನಲ್ಲಿದ್ದ ಬಟ್ಟೆಯನ್ನೆಲ್ಲ ಒಳಗೇ ಬಿಟ್ಟೆ. ಇಂಟರ್‌ಲಾಕಿಗೆ ಹಾಕದೆ ಅಂಚನ್ನು ಕೈಯಲ್ಲೇ ಹೊಲಿದೆ. ಉಸ್ಮಾನ್ ಮಾಸ್ಟರ್ ನೋಡಿದ್ದರೆ ಮೊದಲ ಬಾರಿಗೆ ನನ್ನನ್ನು ಹೊಗಳುತ್ತಿದ್ದರು.

ಟ್ರಯಲಿಗೆ ಬಂದಾಗ ಮಹಾದೇವಿಯ ಕೆನ್ನೆ ಗುಳಿಬಿದ್ದಿತ್ತು, ಕಣ್ಣು ಒಳಗೆ ಹೋಗಿತ್ತು. ಹೊಟ್ಟೆ ಮಾತ್ರ ಇದ್ದಂತೆಯೇ ಇತ್ತು. ಪರದೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ "ಅಕ್ಕಾರ" ಎಂದು ಸಣ್ಣ ದನಿ. ಒಳಗೆ ಹೋದರೆ ತೋಳು ಮೊಣಕೈಯ ಮೇಲೆ ಸಿಕ್ಕಿಕೊಂಡಿತ್ತು, ಹುಕ್ಕು ಮತ್ತು ಅದನ್ನು ಸಿಕ್ಕಿಸುವ ಕುಣಿಕೆಯ ನಡುವೆ ನಾಲ್ಕು ಬೆರಳಿನ ಅಂತರ. ಅವಳು ಸ್ಟೂಲಿನ ಮೇಲೆ ಕುಸಿದು ಅತ್ತಳು. ಅಳುತ್ತಿದ್ದಂತೆಯೇ ಮತ್ತೆ ಮೈ ಕೆಂಪೇರಿ ಬೆವರು ಕಿತ್ತುಕೊಂಡು ಬಂತು. ಅದು ನನ್ನ ಮಾಡಿನ ಸೆಕೆಯಲ್ಲವೆಂದು ನನಗೆ ಆಗ ಹೊಳೆಯಿತು.

"ಮೈಯಾಗ ಬೆಂಕಿ ಹಚ್ಚಿದಂಗ ಆಗತೈತ್ರಿ. ಹಂಚಿನ ಮುಂದ ಕುಂಡ್ರಾಕ ಆಗವಲ್ದು, ರೊಟ್ಟಿ ಬಿಟ್ಟೇ ಬಿಟ್ಟೀನಿ. ನಿದ್ದಿ ಇಲ್ಲ. ಸುಮ್ಮಸುಮ್ಮನ ಅಳು ಬರತೈತಿ. ನನಗ ಹುಚ್ಚು ಹಿಡ್ಯಾಕತ್ತೈತೇನ್ರಿ ಅಕ್ಕಾರ?"

"ಯಾವಾಗಿನಿಂದ ಹೀಗೆ?"

"ಗರ್ಭಚೀಲ ತಗಿಸಿದಾಗಿಂದ್ರಿ. ಗಡ್ಡಿ ಆಗಿತ್ತು, ಊರಕಡೆ ಹೋಗಿ ಆಪರೇಷನ್ ಮಾಡಿಸ್ಕೊಂಡ್ ಬಂದೆ. ನಮ್ಮವ್ವ ಬಂದು ಮೂರ್ ತಿಂಗಳ ಬಾಣಂತಿ ಹಂಗ ಮಾಡಿದ್ಲು. ತಲಿಗೆ ಅರಿವಿ ಕಟ್ಟಿ, ಹೊತ್ತಿಗೊಂದು ಅಂಟಿನುಂಡಿ. ಹೊಟ್ಟಿ ಖಾಲಿ ಆಗೈತಿ, ತುಂಬಬೇಕು ಅಂತಿದ್ಲು."

"ಡಾಕ್ಟರಿಗೆ ಈ ಬೆಂಕಿಯ ವಿಷಯ ಹೇಳಿದ್ದೀಯಾ?"

"ಏನಂತ ಹೇಳ್ಲಿ? ಹೊಲಿಗಿ ಮಾಯ್ದಾವು. ಬ್ಯಾನಿ ಇಲ್ಲ."

ನಿಜ, ಅವಳ ಲೆಕ್ಕದಲ್ಲಿ ಡಾಕ್ಟರೆಂದರೆ ಹೊಲಿಗೆ ಮಾಯುವವರೆಗೆ. ಹೊಲಿಗೆ ಮಾಯ್ದ ಮೇಲಿನದ್ದೆಲ್ಲ ಹಣೆಬರಹ. ನನಗೆ ವೈದ್ಯಕೀಯ ಏನೂ ತಿಳಿಯದು. ನನ್ನ ವಿದ್ಯೆ ಟೇಪಿನ ಎರಡು ತುದಿಗಳ ನಡುವೆಯೇ ಮುಗಿಯುತ್ತದೆ. ಆದರೆ ಹಸಿದುಕೊಂಡು ಬೆವರುವ ಹೆಂಗಸನ್ನು ಬ್ಲೌಸು ಕೊಟ್ಟು ಕಳಿಸುವುದು ಸಾಧ್ಯವಿರಲಿಲ್ಲ. ಶಟರ್ ಎಳೆದು, ಶೇರ್ ರಿಕ್ಷಾ ಹತ್ತಿಸಿ, ನನ್ನ ಗಿರಾಕಿಯೇ ಆಗಿದ್ದ ಒಬ್ಬ ಮರಾಠಿ ಡಾಕ್ಟರಮ್ಮನ ಹತ್ತಿರ ಅವಳನ್ನು ಕರೆದುಕೊಂಡು ಹೋದೆ.

ಡಾಕ್ಟರಮ್ಮ ಅವಸರ ಮಾಡಲಿಲ್ಲ. ಹಳೆಯ ಕಾಗದ ನೋಡಿದರು, ಸೋನೋಗ್ರಫಿ, ರಕ್ತ, ಸ್ತನದ ಪರೀಕ್ಷೆ ಎಲ್ಲ ಮಾಡಿಸಿದರು. ಎರಡನೇ ಸಲ ಹೋದಾಗ ಕೂರಿಸಿ ವಿವರಿಸಿದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಗಡ್ಡೆ ಹಬ್ಬಿದ್ದರಿಂದ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು. ಹೆಣ್ಣಿನ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಬೇರೆಯವರಲ್ಲಿ ಅದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕಡಿಮೆಯಾಗುತ್ತದೆ, ಇವಳಲ್ಲಿ ಒಮ್ಮೆಲೇ ನಿಂತಿದೆ. ಮೈ ಬೆಂಕಿಯಾಗುವುದು, ನಿದ್ದೆ ಹೋಗುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲವೂ ಅದರಿಂದ. ತೂಕಕ್ಕೆ ಆಪರೇಷನ್ ಒಂದನ್ನೇ ದೂರಬಾರದು. ಮೂರು ತಿಂಗಳು ಮಲಗಿದ್ದು, ಉಂಡೆ ತಿಂದದ್ದು, ವಯಸ್ಸು, ಹಾರ್ಮೋನಿನ ಏರುಪೇರು ಎಲ್ಲ ಕೂಡಿದೆ. ಉಪವಾಸ ಮಾಡಿದರೆ ತೋಳಿನ ಶಕ್ತಿ ಕರಗುತ್ತದೆ, ಹೊಟ್ಟೆ ಹಾಗೇ ಉಳಿಯುತ್ತದೆ. ಹೊತ್ತು ಹೊತ್ತಿಗೆ ಉಣ್ಣಬೇಕು, ಬೇಳೆ, ಕಾಳು, ಮೊಸರು ಇರಬೇಕು, ದಿನಾ ನಡೆಯಬೇಕು, ಎಲುಬಿನ ಮೇಲೂ ನಿಗಾ ಇಡಬೇಕು. ಇವಳ ವಯಸ್ಸು, ಪರೀಕ್ಷೆಗಳನ್ನು ನೋಡಿ ಹಾರ್ಮೋನಿನ ಔಷಧ ಕೊಟ್ಟರು. ಇದು ಎಲ್ಲರಿಗೂ ಆಗುವಂಥದ್ದಲ್ಲ, ಕೆಲವರಿಗೆ ಬೇರೆ ಮಾತ್ರೆ ಕೊಡಬೇಕಾಗುತ್ತದೆ, ನಿನ್ನದನ್ನು ಪಕ್ಕದ ಮನೆಯವಳಿಗೆ ಕೊಟ್ಟೀಯೆ ಜೋಕೆ ಎಂದರು.

ಎಲ್ಲ ಕೇಳಿದ ಮೇಲೆ ಮಹಾದೇವಿ ಕೇಳಿದ್ದು ಒಂದೇ ಪ್ರಶ್ನೆ. "ಅಂದ್ರ ನಾ ಹುಚ್ಚಿ ಅಲ್ಲೇನ್ರಿ?"

ನಾನು ಅದನ್ನು ಮರಾಠಿಗೆ ತಂದೆ. ಡಾಕ್ಟರಮ್ಮ ಅವಳ ಕೈ ಹಿಡಿದು "ನಾಹೀ ಹೋ ಬಾಯಿ, ಅಜಿಬಾತ್ ನಾಹೀ" ಎಂದರು. ಅದನ್ನು ನಾನು ಕನ್ನಡಕ್ಕೆ ತರಬೇಕಾಗಲಿಲ್ಲ. ರಿಕ್ಷಾದಲ್ಲಿ ಅವಳು ವಿಠ್ಠಲವಾಡಿಯವರೆಗೂ ಮಾತಾಡಿದಳು. ಒಂದು ವರ್ಷದ ಮಾತು ಬಾಕಿ ಇತ್ತಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು, ಬಹಳ ಸಂತೋಷವೂ ಆಯಿತು.

ಒಂದೇ ವಾರಕ್ಕೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗಣಪತಿ ಹೋಗಿ ನವರಾತ್ರಿ ಬರುವ ಹೊತ್ತಿಗೆ ನಿದ್ದೆ ಕೂಡಿತು. ಬೆಂಕಿ ದಿನಕ್ಕೆ ಹಲವು ಸಲ ಬರುತ್ತಿದ್ದದ್ದು ಅಪರೂಪವಾಯಿತು. ಒಲೆಯನ್ನು ಕಿಟಕಿಯ ಹತ್ತಿರ ಇಟ್ಟು, ಪಕ್ಕದಲ್ಲಿ ಟೇಬಲ್ ಫ್ಯಾನು ಹಾಕಿಕೊಂಡು ಮತ್ತೆ ರೊಟ್ಟಿಗೆ ಕೂತಳು. ರೊಟ್ಟಿ ಬಡಿಯುವುದು ತೋಳಿಗೆ ಒಳ್ಳೆಯ ಕಸರತ್ತು ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಖಾನಾವಳಿಯವರಿಗೆಲ್ಲ ಅದನ್ನು ಸಾರಿದಳು. ರಿಕ್ಷಾ ಬಿಟ್ಟು ನಡೆದೇ ನನ್ನ ಅಂಗಡಿಗೆ ಬರತೊಡಗಿದಳು. ಒಂದು ದಿನ ನನ್ನೆದುರೇ ಅವಳ ತಾಯಿಯ ಫೋನು ಬಂತು, ಮಗಳು ಸೊರಗಿದ್ದಾಳೆ, ಇನ್ನೊಂದು ಡಬ್ಬಿ ಉಂಡೆ ಕಳಿಸಲೇ ಎಂದು. "ಎವ್ವಾ, ನಾ ಹಡದಿಲ್ಲ!" ಎಂದು ಇವಳು ಕೂಗಿದ ಅಬ್ಬರಕ್ಕೆ ನಾನು ಹಿಡಿದಿದ್ದ ಸೂಜಿ ಬಿತ್ತು. ಆಮೇಲೆ ದನಿ ಇಳಿಸಿ, "ಮದುವಿಗೆ ತಗೊಂಡ್ ಬಾ, ಎಲ್ಲಾರೂ ಕೂಡಿ ತಿನ್ನೂಣು" ಎಂದಳು.

ಮೈ ಸ್ವಲ್ಪ ಇಳಿಯಿತು. ಹಳೆಯ ಬ್ಲೌಸಿನ ಅಳತೆಗೆ ಬರಲಿಲ್ಲ, ಅದರ ಹತ್ತಿರಕ್ಕೂ ಬರಲಿಲ್ಲ. ಅವಳು ಹಾಕಿದ್ದ ಷರತ್ತು ಹಾಗೇ ಇತ್ತು, ಮಂಟಪದ ಮಾತನ್ನು ಅವಳೂ ಎತ್ತಿರಲಿಲ್ಲ, ಕೇಳಲು ನನಗೂ ಧೈರ್ಯವಿರಲಿಲ್ಲ.

ದೀಪಾವಳಿಯ ಮುಂಚಿನ ವಾರ ಟೈಲರ್ ಅಂಗಡಿಯೆಂದರೆ ಕಾಲಿಡಲು ಜಾಗವಿರುವುದಿಲ್ಲ. ಅಂಥ ಹೊತ್ತಿಗೆ ಮಹಾದೇವಿ ಬಂದಳು. ನೈಟಿ ಇಲ್ಲ, ಸೀರೆ ಉಟ್ಟಿದ್ದಳು. ಜೊತೆಗೆ ಸವಿತಾ, ಮತ್ತು ತನ್ನ ಬ್ಲೌಸು ಹೊಲಿಸಲು ಬಂದಿದ್ದ ಸವಿತಾಳ ಭಾವಿ ಅತ್ತೆ. ನಾನು ಪರದೆ ಸರಿಸಿದೆ. ಅವಳು ಒಳಗೆ ಹೋಗಲಿಲ್ಲ. ಅಂಗಡಿಯ ನಡುಮಧ್ಯೆ ನಿಂತು ಎರಡೂ ಕೈ ಎತ್ತಿದಳು.

"ಟೇಪ್ ಹಿಡೀರಿ ಅಕ್ಕಾರ. ಈಗ ಹೆಂಗಿದೀನಿ ಹಂಗ ಬಿಚ್ಚಿ ಹೊಲೀರಿ."

ನಾನು ಹಿಡಿದೆ, ಅಭ್ಯಾಸದಂತೆ ಸೀಮೆಸುಣ್ಣಕ್ಕೆ ಕೈ ಹಾಕಿದೆ.

"ಬಾಯಿಬಿಟ್ಟು ಹೇಳ್ರಿ. ನಾ ಏನ್ ಕದ್ದ ತಂದೀನೇನು?"

"ಬೇಡ ಮಹಾದೇವಿ, ಜನ ಇದ್ದಾರೆ."

"ಇರ್ಲಿ ತಗೀರಿ. ಪಿಸಪಿಸ ಅಂದವ್ರೂ ಕೇಳ್ಲಿ."

ಉಸ್ಮಾನ್ ಮಾಸ್ಟರಿಗೆ ಕೇಳಿಸುವಷ್ಟು ಜೋರಾಗಿ ಕೂಗಿದೆ. ಎದೆ, ಸೊಂಟ, ತೋಳು, ಒಂದೂ ಬಿಡಲಿಲ್ಲ. ಬೆಂಚಿನ ಮೇಲೆ ಯಾರೂ ಕಿಸಕ್ಕೆನ್ನಲಿಲ್ಲ. ಬೀಗತಿ, "ಇಷ್ಟನ ಏನ್ರಿ ಬೀಗತೇರ? ನಂದು ಇದಕ್ಕಿಂತ ಜಾಸ್ತಿ ಐತಿ. ನಂದೂ ಕೂಗ್ರಿ ಅಕ್ಕಾ" ಎಂದು ತಾನೂ ಕೈ ಎತ್ತಿ ನಿಂತಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಸವಿತಾ ಮಾತ್ರ ತಾಯಿಯ ಸೆರಗು ಹಿಡಿದುಕೊಂಡು ಅಳುತ್ತಿದ್ದಳು. ಆ ಅಳತೆಗಳನ್ನು ಇಲ್ಲಿ ಬರೆಯುವುದಿಲ್ಲ, ಅಂಗಡಿಯ ಕಾನೂನು ಈಗಲೂ ಇದೆ. ಬದಿಯ ಹೊಲಿಗೆ ಬಿಚ್ಚಿದೆ, ಒಳಗೆ ಕಾದಿದ್ದ ಬಟ್ಟೆ ಹೊರಬಂತು, ಸಂಜೆಯೊಳಗೆ ಬ್ಲೌಸು ಸರಿಯಾಯಿತು.

ಮದುವೆಗೆ ಹೋದೆ. ನಾವು ಟೈಲರುಗಳು ಮದುವೆಯಲ್ಲಿ ಮುಖ ನೋಡುವುದಕ್ಕಿಂತ ಹೆಚ್ಚು ಕಂಕುಳು ನೋಡುತ್ತೇವೆ. ಮಹಾದೇವಿ ಮಂಟಪದಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು. ಅಕ್ಕಿಕಾಳು ಹಾಕಲು ಕೈ ಎತ್ತಿದಾಗ ಹೊಲಿಗೆ ಎಲ್ಲೂ ಎಳೆಯಲಿಲ್ಲ. ನಾನು ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ ಅವಳ ಕುತ್ತಿಗೆ, ಕೆನ್ನೆ ಕೆಂಪೇರತೊಡಗಿತು. ಹಣೆಯಲ್ಲಿ ಬೆವರು. ಸವಿತಾ ತಿರುಗಿ ನೋಡಿದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಮಹಾದೇವಿ ಸೆರಗಿನಿಂದ ಮುಖ ಒರೆಸಿಕೊಂಡು, ಮಡಿಲಲ್ಲಿದ್ದ ಬೀಸಣಿಗೆಯನ್ನು ಪಕ್ಕದ ಬೀಗತಿಯ ಕೈಗೆ ಕೊಟ್ಟು, "ಬೀಗತೇರ, ಬಂತ್ ನೋಡ್ರಿ. ಜರಾ ಜೋರ್ ಬೀಸ್ರಿ" ಎಂದಳು. ಬೀಗತಿ ಬೀಸಿದಳು. ಮಹಾದೇವಿ ಕೂತಲ್ಲಿಂದ ಏಳಲಿಲ್ಲ.